ಮೇಷ್ಟರ ಮೇಲೊಂದು ಚೀಟಿ

ಗೌರವ ಡಾಕ್ಟರೇಟ್ ಬಂದರೆ ಏನು ಮಾಡಬೇಕು ಎಂಬುದನ್ನು ನಮ್ಮ ನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಬೆಳಗಾಗುವುದರೊಳಗೆ ಗೇಟಿನ ನಾಮಫಲಕ ಬದಲಾಗುತ್ತದೆ, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ, ಗೌನು ತೊಟ್ಟ ಫೋಟೊ ಪತ್ರಿಕೆ ಕಚೇರಿಗೆ ತಲುಪಿರುತ್ತದೆ. 1879ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯ ಜರ್ಮನ್ ಸಂಗೀತಕಾರ ಯೊಹಾನೆಸ್ ಬ್ರಾಮ್ಸ್‌ಗೆ ಡಾಕ್ಟರೇಟ್ ಕೊಟ್ಟಾಗ ಆ ಮಹಾರಾಯ ಚುಟುಕಾಗಿ ಒಂದು ಧನ್ಯವಾದದ ಪತ್ರ ಬರೆದು ಕೈತೊಳೆದುಕೊಂಡ. ಇಷ್ಟು ಸಾಲದಪ್ಪ, ಇಂಥ ಮರ್ಯಾದೆಗೆ ಪ್ರತಿಯಾಗಿ ಒಂದು ಕೃತಿಯನ್ನಾದರೂ ರಚಿಸಿ ಕೊಡಬೇಕು ಎಂದು ಬರ್ನ್‌ಹಾರ್ಡ್ ಶೋಲ್ಟ್ಸ್ ಎಂಬ ವಾದ್ಯವೃಂದದ ನಿರ್ದೇಶಕ ತಿಳಿಹೇಳಬೇಕಾಯಿತು. ಬ್ರಾಮ್ಸ್ ಒಪ್ಪಿದ. 1881ರ ಜನವರಿ 4ರಂದು ಬ್ರೆಸ್ಲಾವ್‌ಗೆ ಹೋಗಿ ತಾನೇ ನಿಂತು ವಾದ್ಯವೃಂದದಿಂದ ಆ ಕೃತಿಯನ್ನು ನುಡಿಸಿದ. ‘ಅಕಾಡೆಮಿಕ್ ಫೆಸ್ಟಿವಲ್ ಓವರ್ಚರ್’ ಎಂದು ಅದಕ್ಕೆ ಹೆಸರು. ಹೆಸರು ಕೇಳಿದರೆ ಕುಲಪತಿಗಳು ಮೆರವಣಿಗೆಯಲ್ಲಿ ನಡೆದು ಬರುವ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಒಳಗಿದ್ದದ್ದು ಮಾತ್ರ ವಿದ್ಯಾರ್ಥಿಗಳು ಬಿಯರ್ ಕುಡಿಯುತ್ತ ಹಾಡುವ ಹಾಡುಗಳು. ಪದವಿಪತ್ರದಲ್ಲಿ ವಿಶ್ವವಿದ್ಯಾಲಯ ಲ್ಯಾಟಿನ್ ಭಾಷೆಯಲ್ಲಿ ಬರೆಸಿದ್ದ ಹೊಗಳಿಕೆ ಏನೆಂದರೆ, ಗಂಭೀರ ಸಂಗೀತದಲ್ಲಿ ಇಂದು ಜರ್ಮನಿಗೆ ಈತನೇ ಅಗ್ರಗಣ್ಯ ಎಂದು. ಅದಕ್ಕೆ ಅಗ್ರಗಣ್ಯ ಕೊಟ್ಟ ಉತ್ತರ ಇದು! ಹೊಸದಾಗಿ ಸೇರಿದವರನ್ನು ಗೋಳುಹೊಯ್ದುಕೊಳ್ಳಲು ಹಿರಿಯ ವಿದ್ಯಾರ್ಥಿಗಳು ಹಾಡುತ್ತಿದ್ದ ಒಂದು ಪದವಿತ್ತು. ನಮ್ಮ ಹಾಸ್ಟೆಲುಗಳ ಮಾತಿನಲ್ಲಿ ಹೇಳುವುದಾದರೆ ರ‍್ಯಾಗಿಂಗ್ ಪದ. ಅದನ್ನು ಬ್ರಾಮ್ಸ್ ಬಸೂನ್ ಎಂಬ ಗಡಸು ದನಿಯ ಗಾಳಿವಾದ್ಯಕ್ಕೆ ಕೊಟ್ಟ. ಮದುವೆ ಮಂಟಪದಲ್ಲಿ ಮಂತ್ರ ಹೇಳುತ್ತಿದ್ದ ಹಿರಿಯ ಪುರೋಹಿತರು ನಡುವೆ ಇದ್ದಕ್ಕಿದ್ದಂತೆ ಸಿನಿಮಾ ಹಾಡು ಗುನುಗಿದ ಹಾಗೆ ಕೇಳುತ್ತದೆ ಅದು. ಕೊನೆಗೆ ಇಡೀ ವಾದ್ಯವೃಂದ, ದೊಡ್ಡ ಡೋಲು, ತಾಳ, ಟ್ರಯಾಂಗಲ್ ಎಲ್ಲ ಸೇರಿ ‘ಗಾಡಿಯಾಮುಸ್’ ಎಂಬ ಹಳೆಯ ವಿದ್ಯಾರ್ಥಿಗೀತೆಯನ್ನು ರಾಜಗಾಂಭೀರ್ಯದಿಂದ ಎತ್ತಿ ಹಿಡಿಯುತ್ತವೆ. ಕೆಲಸದಲ್ಲಿ ಎಲ್ಲಿಯೂ ಸಡಿಲ ಇಲ್ಲ, ಹೆಣಿಗೆ ಬಿಗಿಯಾಗಿಯೇ ಇದೆ. ಕುಡಿತದ ಹಾಡನ್ನು ಅಷ್ಟು ಶ್ರದ್ಧೆಯಿಂದ ಹೆಣೆದದ್ದರಲ್ಲಿಯೇ ನಗು ಇರುವುದು.

ಹೊನ್ನಾವರದ ಕಡೆಯವಳಾದ ನಾನು ಕರಾವಳಿಯಲ್ಲಿಯೂ ಧಾರವಾಡದಲ್ಲಿಯೂ ಪದವಿ ಕಾಲೇಜಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತಳಾದವಳು. ಸಿಲೆಬಸ್ಸಿನಲ್ಲಿ ವಿಕ್ಟೋರಿಯಾ ಯುಗ ಎಂದರೆ ಟೆನಿಸನ್, ಅರ್ನಾಲ್ಡ್, ಒಂದಿಷ್ಟು ನಿಟ್ಟುಸಿರು. ಆ ಕಾಲದ ಜನ ನಗುತ್ತಲೇ ಇರಲಿಲ್ಲವೇನೋ ಎಂದು ಮಕ್ಕಳು ನಂಬಿ ಪಾಸಾಗಿ ಹೋಗುತ್ತಾರೆ. ನಿಜಕ್ಕೂ 1881 ಎಂಬ ಒಂದೇ ವರ್ಷವನ್ನು ತೆಗೆದುಕೊಂಡರೂ ಸಾಕು, ಬೇಕಾದಷ್ಟು ನಗು ಸಿಗುತ್ತದೆ. ನಮ್ಮಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿ ಬಂದ ವರ್ಷ ಅದು. ಬ್ರಾಮ್ಸ್‌ನ ಚೇಷ್ಟೆ ಜನವರಿಯದ್ದು. ಫೆಬ್ರವರಿಯಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಟ್ರೈಪಾಸ್ ಎಂಬ ತನ್ನ ಪದವಿ ಪರೀಕ್ಷೆ ಬರೆಯಲು ಅಧಿಕೃತವಾಗಿ ಒಪ್ಪಿಗೆ ಕೊಟ್ಟಿತು. ಬರೆಯಬಹುದು, ಪಾಸಾಗಬಹುದು, ಪದವಿ ಮಾತ್ರ ಕೊಡುವುದಿಲ್ಲ ಎಂದಿತು. ಇದನ್ನು ಹಾಸ್ಯ ಎಂದು ಅವರು ಭಾವಿಸಿರಲಿಲ್ಲ. ಏಪ್ರಿಲ್‌ನಲ್ಲಿ ನಾಟಕಕಾರ ಗಿಲ್ಬರ್ಟ್ ಮತ್ತು ಸಂಗೀತಕಾರ ಸಲಿವನ್ ಜೋಡಿಯ ‘ಪೇಶನ್ಸ್’ ನಾಟಕ ಲಂಡನ್ನಿನಲ್ಲಿ ರಂಗಕ್ಕೇರಿತು. ಅದೇ ವರ್ಷ ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜಿನ ಹುಡುಗರು ತಮ್ಮ ಗುರುಗಳ ಮೇಲೂ ಸಹಪಾಠಿಗಳ ಮೇಲೂ ಪದ್ಯ ಕಟ್ಟಿ ಕದ್ದು ಅಚ್ಚು ಹಾಕಿಸಿದರು.

ಈ ಬೇಲಿಯಲ್ ಪ್ರಸಂಗ ನನಗೆ ಬಹಳ ಹತ್ತಿರದ್ದು. ಏಕೆಂದರೆ ಅದು ನಮ್ಮ ಕಾಲೇಜುಗಳ ಫಿಶ್‌ಪಾಂಡ್ ಅಲ್ಲದೆ ಬೇರೇನಲ್ಲ. ಕಾಲೇಜು ಮೆಟ್ಟಿಲು ಹತ್ತಿದವರಿಗೆ ಫಿಶ್‌ಪಾಂಡ್ ಎಂದರೇನು ಎಂದು ವಿವರಿಸಬೇಕಿಲ್ಲ. ವಾರ್ಷಿಕೋತ್ಸವಕ್ಕೆ ವಾರವಿದೆ ಎನ್ನುವಾಗ ನೋಟಿಸ್ ಬೋರ್ಡಿನ ಪಕ್ಕ ಒಂದು ರಟ್ಟಿನ ಡಬ್ಬಿ ಬರುತ್ತದೆ. ಯಾರು ಬೇಕಾದರೂ ಯಾರ ಮೇಲೆ ಬೇಕಾದರೂ ಒಂದು ಬಿರುದು, ಎರಡು ಸಾಲು ಪದ್ಯ, ಅಥವಾ ಸಿನಿಮಾ ಹಾಡಿನ ಒಂದು ತುಂಡು ಬರೆದು ಹಾಕಬಹುದು. ಕೆಳಗೆ ಹೆಸರಿಲ್ಲ. ವಾರ್ಷಿಕೋತ್ಸವದ ಸಂಜೆ ಮೈಕಿನಲ್ಲಿ ಒಂದೊಂದಾಗಿ ಓದುತ್ತಾರೆ. ನನಗೂ ಬಂದಿತ್ತು ಒಂದು ಚೀಟಿ: ‘ಮೇಡಂ ಕೀಟ್ಸ್ ಓದುವಾಗ ಕಣ್ಣು ಮುಚ್ಚುತ್ತಾರೆ, ನಾವೂ ಮುಚ್ಚುತ್ತೇವೆ. ಬೆಲ್ ಆದ ಮೇಲೆ ಅವರೇ ನಮ್ಮನ್ನು ಎಬ್ಬಿಸುತ್ತಾರೆ.’ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಬರೆದವರು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೀಟ್ಸ್‌ನನ್ನು ಕಣ್ಣು ಬಿಟ್ಟುಕೊಂಡು ಓದಿದರೆ ರುಚಿ ಕಡಿಮೆಯಾಗುತ್ತದೆ ಎಂಬ ನನ್ನ ಅಭಿಪ್ರಾಯವೂ ಬದಲಾಗಿಲ್ಲ.

ಬೇಲಿಯಲ್‌ನ ಹುಡುಗರು ನಮಗಿಂತ ಒಂದು ಹೆಜ್ಜೆ ಮುಂದೆ. ಹೆನ್ರಿ ಬೀಚಿಂಗ್, ಜಾನ್ ಮೆಕೇಲ್ ಮೊದಲಾದವರು ಸೇರಿ ಸುಮಾರು 40 ಚುಟುಕಗಳ ಒಂದು ಹಾಳೆಯನ್ನೇ ಹೊರಡಿಸಿದರು. ಪ್ರತಿ ಚುಟುಕವೂ ಒಬ್ಬೊಬ್ಬ ವ್ಯಕ್ತಿ ತಾನೇ ಎದ್ದು ನಿಂತು ತನ್ನ ಪರಿಚಯ ಹೇಳಿಕೊಳ್ಳುವ ಧಾಟಿಯಲ್ಲಿದೆ. ಮೊದಲನೆಯ ಏಟು ಕಾಲೇಜಿನ ಮಾಸ್ಟರ್, ಅಂದರೆ ಮುಖ್ಯಸ್ಥ, ಬೆಂಜಮಿನ್ ಜೋವೆಟ್‌ಗೆ. ಗ್ರೀಕ್ ಪ್ರಾಧ್ಯಾಪಕ, ಪ್ಲೇಟೊನ ಅನುವಾದಕ, ಇಡೀ ಆಕ್ಸ್‌ಫರ್ಡ್ ಹೆದರುತ್ತಿದ್ದ ಮನುಷ್ಯ. ಅವರಿಗೆ ತಿಳಿಯದ್ದು ಏನಾದರೂ ಇದ್ದರೆ ಅದು ವಿದ್ಯೆಯ ಲೆಕ್ಕಕ್ಕೇ ಬರುವುದಿಲ್ಲ ಎಂಬ ಅರ್ಥ ಹೊಮ್ಮಿಸುವ ನಾಲ್ಕು ಸಾಲು. ಕಾಲೇಜು ಕೂಡಲೇ ಹಾಳೆಯನ್ನು ಹತ್ತಿಕ್ಕಿತು. ಹತ್ತಿಕ್ಕಿದ್ದರಿಂದಲೇ ಅದು ಊರೆಲ್ಲ ಬಾಯಿಪಾಠವಾಯಿತು. ಬರೆದ ಹುಡುಗರಿಗೆ ಏನೂ ನಷ್ಟವಾಗಲಿಲ್ಲ: ಬೀಚಿಂಗ್ ಮುಂದೆ ನಾರ್ವಿಚ್ ಕೆಥೆಡ್ರಲ್ಲಿನ ಡೀನ್ ಆದ, ಮೆಕೇಲ್ ಆಕ್ಸ್‌ಫರ್ಡಿನಲ್ಲಿಯೇ ಕಾವ್ಯದ ಪ್ರಾಧ್ಯಾಪಕನಾದ.

ಜೋವೆಟ್‌ಗೂ ನಷ್ಟವಾಗಲಿಲ್ಲ ಎಂದು ನನ್ನ ಲೆಕ್ಕ. ಬೆಳಗಾವಿಯಲ್ಲಿ ಬಾಲ್ಯದ ಕೆಲವು ವರ್ಷ ಕಳೆದ, ಮುಂದೆ ವಕೀಲೆಯಾದ ಕಾರ್ನೀಲಿಯಾ ಸೊರಾಬ್ಜಿ 1889ರಲ್ಲಿ ಆಕ್ಸ್‌ಫರ್ಡಿನ ಸೋಮರ್‌ವಿಲ್ ಎಂಬ ಹೆಣ್ಣುಮಕ್ಕಳ ಕಾಲೇಜಿಗೆ ಓದಲು ಹೋದಾಗ ಆಕೆಯ ಬೆನ್ನಿಗೆ ನಿಂತವರಲ್ಲಿ ಈ ಸರ್ವಜ್ಞ ಮೇಷ್ಟರೂ ಒಬ್ಬರು. 1892ರಲ್ಲಿ ವಿಶ್ವವಿದ್ಯಾಲಯ ವಿಶೇಷ ಅನುಮತಿ ಕೊಟ್ಟು ಆಕೆಗೆ ಕಾನೂನು ಪರೀಕ್ಷೆ ಬರೆಯಲು ಬಿಟ್ಟಿತು. ಪದವಿ ಕೈಗೆ ಬಂದದ್ದು 1922ರಲ್ಲಿ. ಎಲ್ಲ ಬಲ್ಲೆನೆಂಬ ಮೇಷ್ಟರ ಮೇಲೆ ಮಕ್ಕಳು ನಕ್ಕರು, ಮೇಷ್ಟರು ತಮ್ಮ ಕೆಲಸ ಮಾಡಿಕೊಂಡು ಹೋದರು. ಕುರ್ಚಿ ಗಟ್ಟಿಯಿದ್ದವರಿಗೆ ಪದ್ಯದಿಂದ ಏನೂ ಆಗುವುದಿಲ್ಲ.

ಅದೇ ಹಾಳೆಯ ಇನ್ನೊಂದು ಚುಟುಕ ಮಾತ್ರ ಬೇರೆ ಕಥೆ. ಅದು ಜಾರ್ಜ್ ನೆಥೇನಿಯಲ್ ಕರ್ಜನ್ ಎಂಬ ವಿದ್ಯಾರ್ಥಿಯ ಮೇಲಿನದು. ಹೌದು, ಅದೇ ಕರ್ಜನ್, ಮುಂದೆ ಭಾರತದ ವೈಸ್‌ರಾಯ್ ಆಗಿ ಬಂಗಾಳವನ್ನು ಒಡೆದವನು. ತಾನು ಮಿಕ್ಕವರಿಗಿಂತ ಬಹಳ ಮೇಲಿನವನು ಎಂದು ಅವನ ಬಾಯಲ್ಲೇ ಹೇಳಿಸಿದ ಆ ನಾಲ್ಕು ಸಾಲು ಅವನನ್ನು ಸಾಯುವವರೆಗೂ ಬಿಡಲಿಲ್ಲ. ತನಗೆ ಆ ಪದ್ಯದಿಂದ ಆದಷ್ಟು ಕೆಡುಕು ಇನ್ನಾರಿಗೂ ಯಾವುದರಿಂದಲೂ ಆಗಿರಲಾರದು ಎಂದು ಅವನೇ ನೊಂದು ಬರೆದುಕೊಂಡಿದ್ದಾನೆ. 1902ರ ಆಗಸ್ಟ್ 8ರಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿಕೊಡಲು ಬಂದು ನಿಂತವನು ಇದೇ ಕರ್ಜನ್. ಆ ದರ್ಬಾರಿನಲ್ಲಿ ಸೆಟೆದು ನಿಂತ ವೈಸ್‌ರಾಯರನ್ನು ನೋಡಿ ಎಷ್ಟು ಮಂದಿ ಬಿಳಿಯ ಅಧಿಕಾರಿಗಳು ಮೀಸೆಯೊಳಗೆ ಆ ಪದ್ಯ ಗುನುಗಿಕೊಂಡರೋ, ಅವರಿಗೇ ಗೊತ್ತು.

ಆದರೆ ಆ ಸೆಟೆದ ನಿಲುವಿಗೆ ಒಂದು ಕಾರಣವಿತ್ತು. ಹುಡುಗನಾಗಿದ್ದಾಗ ಕುದುರೆ ಸವಾರಿಯಲ್ಲಿ ಬೆನ್ನಿಗೆ ಪೆಟ್ಟಾಗಿ ಕರ್ಜನ್ ಜೀವಮಾನವಿಡೀ ಬೆನ್ನಿಗೆ ಬಿಗಿಪಟ್ಟಿ ಕಟ್ಟಿಕೊಂಡು ಬದುಕಿದ. ಅವನ ಅಹಂಕಾರ ಸುಳ್ಳಲ್ಲ, ಅದಕ್ಕೆ ಬಂಗಾಳವೇ ಸಾಕ್ಷಿ. ಆದರೂ ಹುಡುಗರು ಅಹಂಕಾರ ಎಂದು ಕಂಡದ್ದರಲ್ಲಿ ಅರ್ಧ ಪಾಲು ಬೆನ್ನುನೋವು ಇದ್ದಿರಬೇಕು. ಕರ್ಜನ್‌ನ ಬಗ್ಗೆ ಮರುಕಪಡುವುದು ಭಾರತೀಯರಾದ ನಮಗೆ ಸುಲಭವಲ್ಲ. ನಾನೇನೂ ಪಡುತ್ತಿಲ್ಲ. ನನಗೆ ನೆನಪಾಗುವುದು ನಾನು ಪಾಠ ಮಾಡಿದ ಒಂದು ಕಾಲೇಜಿನ ಫಿಶ್‌ಪಾಂಡ್. ಒಬ್ಬ ಹುಡುಗಿಯ ತೂಕದ ಮೇಲೆ ಬಂದ ಚೀಟಿಯನ್ನು ಯಾರೂ ನೋಡದೆ ನೇರ ಮೈಕಿಗೆ ಕೊಟ್ಟರು. ಸಭಾಂಗಣ ನನ್ನ ಕೀಟ್ಸ್ ಚೀಟಿಗೆ ನಕ್ಕಷ್ಟೇ ಜೋರಾಗಿ ಅದಕ್ಕೂ ನಕ್ಕಿತು. ಆ ಹುಡುಗಿ ಚೆನ್ನಾಗಿ ಹಾಡುತ್ತಿದ್ದವಳು, ಮರುವರ್ಷದಿಂದ ವೇದಿಕೆ ಹತ್ತಲಿಲ್ಲ. ಮುಂದೆ ಆ ಕಾಲೇಜು ಫಿಶ್‌ಪಾಂಡನ್ನೇ ನಿಲ್ಲಿಸಿತು. ಹುಡುಗಿಯ ಕಾರಣಕ್ಕಲ್ಲ, ಆಡಳಿತ ಮಂಡಳಿಯ ಒಬ್ಬರ ಮೇಲೆ ಯಾರೋ ಚೀಟಿ ಬರೆದರು ಎಂಬ ಕಾರಣಕ್ಕೆ! ಹುಡುಗಿಗೆ ನೋವಾದಾಗ ಅದು ತಮಾಷೆ, ದೊಡ್ಡವರಿಗೆ ಚುಚ್ಚಿದಾಗ ಅದು ಅಶಿಸ್ತು. ನನ್ನ ತಕರಾರು ಇರುವುದೇ ಇಲ್ಲಿ.

ಚುಚ್ಚಿಸಿಕೊಂಡವರು ಎದುರು ನಿಂತು ಮಾತಾಡಬಹುದಾದರೆ ನಗೆ ಎಷ್ಟು ಚೆನ್ನಾಗಿರುತ್ತದೆ ಎಂಬುದಕ್ಕೆ ಬೋಸ್ಟನ್ ನಗರದ ಒಂದು ಸಂಜೆ ಇದೆ. ಅದಕ್ಕೆ ಮೊದಲು ‘ಪೇಶನ್ಸ್’ ವಿಷಯ ಹೇಳಬೇಕು. ಲಿಲ್ಲಿ ಹೂ, ಸೂರ್ಯಕಾಂತಿ, ನೀಲಿ ಪಿಂಗಾಣಿ ಎಂದು ಕಣ್ಣರಳಿಸಿ ನಿಟ್ಟುಸಿರು ಬಿಡುತ್ತಿದ್ದ ಸೌಂದರ್ಯೋಪಾಸಕ ಕವಿಗಳನ್ನು ಲೇವಡಿ ಮಾಡುವ ಸಂಗೀತನಾಟಕ ಅದು. ಗಿಲ್ಬರ್ಟ್ ಮೊದಲು ವಕೀಲಿಕೆ ಮಾಡಿ ಅಲ್ಲಿ ಗಿಟ್ಟದೆ ಹಾಸ್ಯಕ್ಕೆ ಬಂದವನು. ಕೋರ್ಟಿನಲ್ಲಿ ಕಲಿತದ್ದನ್ನು ಮಾತ್ರ ಬಿಡಲಿಲ್ಲ: ಎಂಥ ಅಸಂಬದ್ಧವನ್ನೂ ಮುಖದ ಮೇಲೆ ಗೆರೆ ಮೂಡದಂತೆ ವಾದಿಸಬೇಕು. ನಟರು ತಾವು ತಮಾಷೆ ಮಾಡುತ್ತಿದ್ದೇವೆ ಎಂಬುದೇ ತಮಗೆ ಗೊತ್ತಿಲ್ಲದವರಂತೆ ಆಡಬೇಕು ಎಂದು ಅವನ ಹಟ. ನಾಟಕ ಅಕ್ಟೋಬರ್‌ನಲ್ಲಿ ಹೊಸ ಸವಾಯ್ ರಂಗಮಂದಿರಕ್ಕೆ ಬಂತು. ಒಳಗೆಲ್ಲ ವಿದ್ಯುತ್ ದೀಪ, ಜಗತ್ತಿನಲ್ಲಿ ಹಾಗೆ ಬೆಳಗಿದ ಮೊದಲ ರಂಗಮಂದಿರ. ದೀಪದಿಂದ ಅಪಾಯವಿಲ್ಲ ಎಂದು ತೋರಿಸಲು ಮಾಲೀಕ ರಿಚರ್ಡ್ ಡಾಯ್ಲಿ ಕಾರ್ಟ್ ವೇದಿಕೆಯ ಮೇಲೆ ನಿಂತು ಉರಿಯುತ್ತಿದ್ದ ಬಲ್ಬನ್ನು ಎಲ್ಲರೆದುರು ಒಡೆದು ತೋರಿಸಿದ.

ಈ ಕಾರ್ಟ್ ವ್ಯಾಪಾರದಲ್ಲಿ ಗಟ್ಟಿಗ. ಅಮೆರಿಕದಲ್ಲಿ ‘ಪೇಶನ್ಸ್’ ಆಡಿಸಬೇಕು, ಆದರೆ ಅಲ್ಲಿನ ಜನಕ್ಕೆ ಇಂಥ ಕವಿ ಎಂದರೆ ಹೇಗಿರುತ್ತಾನೆ ಎಂದೇ ಗೊತ್ತಿಲ್ಲ. ಅಣಕಕ್ಕೆ ಮೊದಲು ಅಸಲು ತೋರಿಸಬೇಕಲ್ಲ? ಅದಕ್ಕೆ ಆಕ್ಸ್‌ಫರ್ಡಿನಿಂದ ಹೊರಬಿದ್ದು ಮೂರ್ನಾಲ್ಕು ವರ್ಷವಾಗಿದ್ದ ಆಸ್ಕರ್ ವೈಲ್ಡ್‌ನನ್ನು ಭಾಷಣ ಪ್ರವಾಸಕ್ಕೆ ಕಳಿಸಿದ. ತನ್ನಂಥವರನ್ನು ಗೇಲಿ ಮಾಡುವ ನಾಟಕಕ್ಕೆ ತಾನೇ ಜಾಹೀರಾತು ಆಗಿ ವೈಲ್ಡ್ 1882ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಇಳಿದ. ಮಂಡಿಯವರೆಗಿನ ಚಡ್ಡಿ, ರೇಷ್ಮೆ ಕಾಲುಚೀಲ, ಉದ್ದ ಕೂದಲು.

ಜನವರಿ 31, ಬೋಸ್ಟನ್ ಮ್ಯೂಸಿಕ್ ಹಾಲ್. ಪಕ್ಕದ ಹಾರ್ವರ್ಡ್ ಕಾಲೇಜಿನ 60 ವಿದ್ಯಾರ್ಥಿಗಳು ಮುಂದಿನ ಸಾಲುಗಳನ್ನು ಹಿಡಿದಿದ್ದರು. ಭಾಷಣ ಶುರುವಾಗುವ ಹೊತ್ತಿಗೆ ಸಾಲಾಗಿ ಒಳಗೆ ಬಂದರು: ಎಲ್ಲರೂ ಮಂಡಿಚಡ್ಡಿ, ಉದ್ದ ಕೂದಲಿನ ಟೋಪನ್ನು, ಕೈಯಲ್ಲಿ ಲಿಲ್ಲಿ ಅಥವಾ ಸೂರ್ಯಕಾಂತಿ, ಮುಖದಲ್ಲಿ ಬಳಲಿದ ಭಾವ. ಸಭೆ ಗೊಳ್ಳೆಂದಿತು. ಆಮೇಲೆ ವೈಲ್ಡ್ ಬಂದ, ಎಲ್ಲ ಗಂಡಸರೂ ತೊಡುವ ಸಾಧಾರಣ ಸಂಜೆಯುಡುಪಿನಲ್ಲಿ, ಉದ್ದ ಪ್ಯಾಂಟು ಹಾಕಿಕೊಂಡು! ಅವನಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಈಗ ಇಡೀ ಸಭಾಂಗಣದಲ್ಲಿ ವಿಚಿತ್ರ ವೇಷದಲ್ಲಿದ್ದವರು ಆ 60 ಮಂದಿ ಮಾತ್ರ. ವೈಲ್ಡ್ ಅವರತ್ತ ನೋಡಿ, ಇಂಥ ಶಿಷ್ಯರಿಂದ ತನ್ನನ್ನು ಕಾಪಾಡಪ್ಪ ಎಂದು ದೇವರಲ್ಲಿ ಮೊರೆಯಿಡಬೇಕೆನಿಸಿದೆ ಎಂದ. ಸಿಡುಕಲಿಲ್ಲ, ಪೊಲೀಸರನ್ನು ಕರೆಸಲಿಲ್ಲ. ನಿಮ್ಮ ವ್ಯಾಯಾಮಶಾಲೆ ನೋಡಿಬಂದೆ, ಅಲ್ಲಿಗೆ ಗ್ರೀಕ್ ಮಲ್ಲನ ಒಂದು ಪ್ರತಿಮೆ ಕೊಡುತ್ತೇನೆ ಎಂದೂ ಸೇರಿಸಿದ. ಮರುದಿನ ಬೋಸ್ಟನ್ನಿನ ಪತ್ರಿಕೆ ಗೆಲುವು ಯಾರದ್ದೆಂದು ಸ್ಪಷ್ಟವಾಗಿ ಬರೆಯಿತು. ನನ್ನ ಮಟ್ಟಿಗೆ ಹಾರ್ವರ್ಡಿನ ಹುಡುಗರೂ ಸೋಲಲಿಲ್ಲ. ಅವರು ಖರ್ಚು ಮಾಡಿ, ವೇಷ ಕಟ್ಟಿ, ಮುಂದಿನ ಸಾಲಿನಲ್ಲಿ ಮುಖ ತೋರಿಸಿ ಕೂತಿದ್ದರು. ಸುಳ್ಳು ಖಾತೆಯ ಹಿಂದೆ ಅಡಗಿಕೊಂಡು ಮೀಮ್ ಹರಿಬಿಡುವವರಿಗೆ ಈ ಧೈರ್ಯ ಬರುವುದು ಯಾವಾಗ?

ಇನ್ನು ನಗೆ ಕೊಳೆಯುವ ಬಗೆ. ಅದಕ್ಕೂ ಗಿಲ್ಬರ್ಟ್‌ನೇ ಬೇಕು. 1884ರ ಜನವರಿ 5ರಂದು ಸವಾಯ್‌ನಲ್ಲಿ ‘ಪ್ರಿನ್ಸೆಸ್ ಐಡಾ’ ಶುರುವಾಯಿತು. ಟೆನಿಸನ್ 1847ರಲ್ಲಿ ಬರೆದ ‘ದಿ ಪ್ರಿನ್ಸೆಸ್’ ಎಂಬ ದೀರ್ಘ ಕವನದ ವಿಡಂಬನೆ ಇದು. ಐಡಾ ಎಂಬ ರಾಜಕುಮಾರಿ ಗಂಡಸರ ಸಹವಾಸವೇ ಬೇಡವೆಂದು ಒಂದು ಕೋಟೆಯಲ್ಲಿ ಹೆಣ್ಣುಮಕ್ಕಳ ವಿಶ್ವವಿದ್ಯಾಲಯ ಕಟ್ಟಿದ್ದಾಳೆ. ಬಾಲ್ಯದಲ್ಲಿಯೇ ಅವಳನ್ನು ಮದುವೆಯಾಗಿದ್ದ ರಾಜಕುಮಾರ ಇಬ್ಬರು ಗೆಳೆಯರೊಂದಿಗೆ ಗೋಡೆ ಹಾರಿ, ಅಲ್ಲಿ ಸಿಕ್ಕ ವಿದ್ಯಾರ್ಥಿನಿಯರ ಗೌನು ತೊಟ್ಟು ಒಳಸೇರುತ್ತಾನೆ. ಬೇರೆ ಕಂಪನಿಗಳಂತೆ ಗಂಡಸರಿಗೆ ಸೀರೆ ಉಡಿಸಿ ನಗಿಸುವುದು ಸವಾಯ್‌ನಲ್ಲಿ ಕೂಡದು ಎಂದು ನಿಯಮ ಮಾಡಿಕೊಂಡಿದ್ದವನು ಗಿಲ್ಬರ್ಟ್‌ನೇ. ಗೌನು ಆದರೆ ಪರವಾಗಿಲ್ಲ ಅನ್ನಿಸಿರಬೇಕು!

ಆ ನಾಟಕದ ಸಂಗೀತ ಕೇಳಿದರೆ ಈಗಲೂ ನಗು ತಡೆಯುವುದು ಕಷ್ಟ. ಐಡಾಳ ಮೂವರು ಅಣ್ಣಂದಿರು ಯುದ್ಧಕ್ಕೆ ಹೊರಟ ದಡ್ಡ ವೀರರು. ಕಾದಾಡುವ ಮೊದಲು ಕವಚ ತೊಡುವುದರ ಬದಲು, ಇದು ಚುಚ್ಚುತ್ತದೆ, ಇದು ಭಾರ, ಇದು ಸೆಕೆ ಎಂದು ಒಂದೊಂದೇ ತುಂಡನ್ನು ಕಳಚಿಹಾಕುತ್ತಾರೆ. ಸಲಿವನ್ ಇದಕ್ಕೆ ಹಾಕಿದ ರಾಗ ಹ್ಯಾಂಡೆಲ್‌ನ ಧಾಟಿಯದ್ದು, ಚರ್ಚಿನಲ್ಲಿ ದೇವರ ಮಹಿಮೆ ಹಾಡುವ ಶೈಲಿಯದ್ದು. ಗೀತೆ ಮುಗಿಯುವ ಹೊತ್ತಿಗೆ ವೀರರು ಯುದ್ಧಕ್ಕೆ ನಿಂತ ಠೀವಿಯಲ್ಲಿಯೇ ಕವಚವಿಲ್ಲದೆ ನಿಂತಿರುತ್ತಾರೆ. ಸಂಗೀತ ಒಮ್ಮೆಯೂ ಕಣ್ಣು ಮಿಟುಕಿಸುವುದಿಲ್ಲ. ಪಾಶ್ಚಾತ್ಯ ಸಂಗೀತದ ಗಂಧ ಇಲ್ಲದವರೂ ಈ ಒಂದು ಹಾಡನ್ನು ಕೇಳಬೇಕು. ಹಾಸ್ಯ ಸಂಗೀತ ಎಂದರೆ ತಪ್ಪು ತಪ್ಪಾಗಿ ಹಾಡುವುದು ಎಂದುಕೊಂಡಿರುವ ನಮ್ಮ ಟಿವಿ ಕಾರ್ಯಕ್ರಮದವರಂತೂ ಅಗತ್ಯವಾಗಿ ಕೇಳಬೇಕು.

ಆದರೆ ನಾಟಕದ ಒಟ್ಟು ನಗೆ ಯಾರ ಕಡೆಗೆ? ಓದುವ ಹೆಣ್ಣಿನ ಕಡೆಗೆ. ಎಮಿಲಿ ಡೇವಿಸ್ 1869ರಲ್ಲಿ ಐವರು ವಿದ್ಯಾರ್ಥಿನಿಯರನ್ನು ಕಟ್ಟಿಕೊಂಡು ಶುರು ಮಾಡಿದ ಕಾಲೇಜು ಕೇಂಬ್ರಿಜ್ ಹೊರವಲಯದ ಗರ್ಟನ್‌ಗೆ ಬಂದು ಹತ್ತು ವರ್ಷವಾಗಿತ್ತು. ನ್ಯೂನಂ ಕಾಲೇಜೂ ತಲೆಯೆತ್ತಿತ್ತು. ಹುಡುಗಿಯರು ಗಣಿತ ಓದುತ್ತಾರಂತೆ ಎಂಬುದೇ ಆಗಿನ ಲಂಡನ್ನಿಗೆ ಜೋಕು. ಕೊನೆಯ ಅಂಕದಲ್ಲಿ ಐಡಾ ಸೋಲುವುದು ಒಂದು ಪ್ರಶ್ನೆಗೆ: ಹೆಂಗಸರೆಲ್ಲ ಗಂಡಸರನ್ನು ತೊರೆದರೆ ಮುಂದಿನ ಪೀಳಿಗೆ ಎಲ್ಲಿಂದ ಬರಬೇಕು? ಅವಳಿಗೆ ಉತ್ತರ ಹೊಳೆಯುವುದಿಲ್ಲ, ರಾಜಕುಮಾರನನ್ನು ಗಂಡನೆಂದು ಒಪ್ಪಿಕೊಳ್ಳುತ್ತಾಳೆ, ತೆರೆ ಬೀಳುತ್ತದೆ. ಓದಿದ ಹೆಣ್ಣು ಮದುವೆಯೂ ಆಗಬಹುದಲ್ಲ ಎಂದು ಕೇಳಲು ಆ ರಂಗದ ಮೇಲೆ ಯಾರೂ ಇರಲಿಲ್ಲ.

ಉತ್ತರ ರಂಗದ ಹೊರಗೆ ಬಂತು. 1887ರಲ್ಲಿ ಗರ್ಟನ್ನಿನ ಅಗ್ನಾಟಾ ರ‍್ಯಾಮ್ಸೆ ಗ್ರೀಕ್-ಲ್ಯಾಟಿನ್ ಟ್ರೈಪಾಸ್‌ನಲ್ಲಿ ಮೊದಲ ದರ್ಜೆಯ ಮೇಲಿನ ವಿಭಾಗಕ್ಕೆ ಸೇರಿದಳು. ಆ ವರ್ಷ ಅಷ್ಟು ಎತ್ತರಕ್ಕೆ ಒಬ್ಬ ಹುಡುಗನೂ ಬರಲಿಲ್ಲ. ಹೆಣ್ಣುಮಕ್ಕಳ ಓದನ್ನು ಗೇಲಿ ಮಾಡುತ್ತಿದ್ದ ‘ಪಂಚ್’ ಪತ್ರಿಕೆಯೇ, ಮಹಿಳೆಯರಿಗೆ ಮಾತ್ರ ಎಂದು ಬರೆದ ಫಸ್ಟ್ ಕ್ಲಾಸ್ ರೈಲುಡಬ್ಬಿಗೆ ಅವಳು ಹತ್ತುವ ವ್ಯಂಗ್ಯಚಿತ್ರ ಬಿಡಿಸಿ ತಲೆಬಾಗಿತು. 1890ರಲ್ಲಿ ನ್ಯೂನಂನ ಫಿಲಿಪ್ಪಾ ಫಾಸೆಟ್ ಗಣಿತದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದಳು. ಗಣಿತದಲ್ಲಿ ಮೊದಲಿಗನಾದ ಹುಡುಗನಿಗೆ ಸೀನಿಯರ್ ರ‍್ಯಾಂಗ್ಲರ್ ಎಂಬ ಬಿರುದು ಕೊಡುವುದು ಅಲ್ಲಿನ ಆಗಿನ ಪದ್ಧತಿ. ಫಾಸೆಟ್ ಹೆಣ್ಣಾದ್ದರಿಂದ ಆ ಬಿರುದು ಕೊಡುವಂತಿರಲಿಲ್ಲ. ಆಕೆಯ ಹೆಸರು ಓದಿ ‘ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ’ ಎಂದು ಘೋಷಿಸಿದರು. ಗಿಲ್ಬರ್ಟ್ ಕೂತು ಬರೆದಿದ್ದರೂ ಇಷ್ಟು ಚೆಂದದ ಅಸಂಬದ್ಧ ಹೊಳೆಯುತ್ತಿರಲಿಲ್ಲ. ಗಿಲ್ಬರ್ಟ್ ಕೂಡ ಒಂದಿಷ್ಟು ಬದಲಾದ ಎನ್ನಬೇಕು. 1893ರ ‘ಯುಟೋಪಿಯಾ ಲಿಮಿಟೆಡ್’ನಲ್ಲಿ ಅವನ ರಾಜಕುಮಾರಿ ಗರ್ಟನ್ನಿನಲ್ಲಿ ಓದಿ ಬಂದವಳು. ಈ ಸಲ ಓದಿನ ಮೇಲಿಗಿಂತ ಅವಳು ಇಂಗ್ಲೆಂಡಿನಿಂದ ಹೊತ್ತು ತಂದ ಸುಧಾರಣೆಗಳ ಮೇಲೆಯೇ ನಗು ಹೆಚ್ಚು.

ಬದಲಾಗದವರು ಕೇಂಬ್ರಿಜ್‌ನ ಹುಡುಗರು. 1897ರ ಮೇ 21ರಂದು ಹೆಣ್ಣುಮಕ್ಕಳಿಗೆ ಪದವಿಯ ಹೆಸರನ್ನಾದರೂ ಕೊಡಬೇಕೇ ಎಂದು ಸೆನೆಟ್ ಹೌಸಿನಲ್ಲಿ ಮತದಾನ. ವಿರೋಧಿಸಲು ಹಳೆಯ ವಿದ್ಯಾರ್ಥಿಗಳು ಲಂಡನ್ನಿನಿಂದ ವಿಶೇಷ ರೈಲುಗಳಲ್ಲಿ ಬಂದಿಳಿದರು. ಎದುರಿನ ಪುಸ್ತಕದಂಗಡಿಯ ಮೇಲಿಂದ, ಸೈಕಲ್ ಏರಿದ ವಿದ್ಯಾರ್ಥಿನಿಯ ಒಂದು ಬೊಂಬೆಯನ್ನು ಹಗ್ಗ ಕಟ್ಟಿ ತೂಗುಬಿಟ್ಟಿದ್ದರು. ಶೇಕ್ಸ್‌ಪಿಯರನ ಸಾಲೊಂದನ್ನು ತಿರುಚಿ, ನಿಮ್ಮ ಗರ್ಟನ್ನಿಗೆ ತೊಲಗಿ ಎಂಬರ್ಥದ ಬ್ಯಾನರ್ ಬೇರೆ. ಪರವಾಗಿ 660ರ ಆಸುಪಾಸು, ವಿರುದ್ಧವಾಗಿ 1700ಕ್ಕೂ ಹೆಚ್ಚು ಮತ ಬಿದ್ದವು. ಗೆದ್ದ ಖುಷಿಯಲ್ಲಿ ಹುಡುಗರು ಬೊಂಬೆಯನ್ನು ಇಳಿಸಿ, ತಲೆ ಕಿತ್ತು, ಚಿಂದಿ ಮಾಡಿ, ಅದರ ಅವಶೇಷವನ್ನು ನ್ಯೂನಂ ಕಾಲೇಜಿನ ಗೇಟಿನೊಳಕ್ಕೆ ತುರುಕಿದರು. ಆ ಕಾಲದ ಫೋಟೊ ಇದೆ. ಟೋಪಿಗಳ ಸಮುದ್ರ, ಮೇಲೆ ತೂಗುವ ಬೊಂಬೆ. ಅಲ್ಲಿದ್ದವರೆಲ್ಲ ಅದನ್ನು ತಮಾಷೆ ಎಂದೇ ಕರೆದಿರುತ್ತಾರೆ. ಬೊಂಬೆಯ ಜಾಗದಲ್ಲಿದ್ದವರಿಗೆ ಸಭೆಯಲ್ಲಿ ಕುರ್ಚಿಯಿಲ್ಲ, ಮತವಿಲ್ಲ, ಗೇಟು ಮುಚ್ಚಿಕೊಂಡು ಒಳಗಿರುವುದೊಂದೇ ದಾರಿ. ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ಮರುವರ್ಷ.

ಐಡಾ ನಾಟಕದಿಂದಲೇ ಈ ದೊಂಬಿ ಹುಟ್ಟಿತು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ಯಾರಾದರೂ ಅದನ್ನೇ ಹಿಡಿದು ನಾಟಕಗಳನ್ನು ನಿಷೇಧಿಸಿ ಎಂದು ಅರ್ಜಿ ಹಾಕುತ್ತಾರೆ. ನನ್ನ ಮಾತು ಇಷ್ಟೇ: ಎದ್ದು ಉತ್ತರಿಸಲಾಗದವರ ಮೇಲೆ ನಗುವುದು ಅಭ್ಯಾಸವಾದರೆ ಆ ನಗೆಗೆ ಜಾಣತನದ ಅಗತ್ಯವೇ ಬೀಳುವುದಿಲ್ಲ. ಬ್ರಾಮ್ಸ್ ತನ್ನ ಹೆಣಿಗೆಗೆ ಎಷ್ಟು ಬೆವರು ಸುರಿಸಿದ, ಹಗ್ಗಕ್ಕೆ ಬೊಂಬೆ ಕಟ್ಟಿದವರಿಗೆ ಎಷ್ಟು ಬೇಕಾಯಿತು?

ನಗೆ ಯಾರ ಮೇಲೆ ಬೀಳಬೇಕು ಎಂಬುದು ನಾನು ಹುಟ್ಟಿದ ತಾಲೂಕಿನವರಿಗೆ ಆಗಲೇ ಗೊತ್ತಿತ್ತು ಎಂದು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಕೇಂಬ್ರಿಜ್‌ನಲ್ಲಿ ರ‍್ಯಾಮ್ಸೆ ಮೊದಲ ದರ್ಜೆ ಪಡೆದ 1887ರಲ್ಲಿಯೇ, ಹೊನ್ನಾವರದ ಪಕ್ಕದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಬರೆದರು. ಕನ್ನಡದ ಮೊದಲ ಸಾಮಾಜಿಕ ನಾಟಕ ಎನ್ನುತ್ತಾರೆ ಅದನ್ನು. ದುಡ್ಡಿಗೆ ಹೆಣ್ಣುಮಕ್ಕಳನ್ನು ಮಾರುವವರು, ಕೊಳ್ಳುವ ಮುದುಕರು ಅಲ್ಲಿ ನಗೆಗೆ ಗುರಿ. ಅದೂ ನಮ್ಮ ಮನೆಗಳಲ್ಲಿ ಆಡುವ ಹವ್ಯಕ ಮಾತಿನಲ್ಲಿ, ತಪ್ಪಿಸಿಕೊಳ್ಳಲು ದಾರಿಯಿಲ್ಲದಂತೆ. ಸವಾಯ್‌ನ ವಿದ್ಯುತ್ ದೀಪದಲ್ಲಿ ಓದುವ ಹುಡುಗಿಯ ಮೇಲೆ ನಗುತ್ತಿದ್ದ ಕಾಲಕ್ಕೆ ಎಣ್ಣೆದೀಪದ ಕರ್ಕಿಯ ಒಬ್ಬ ಶಾಸ್ತ್ರಿಗಳು ಮಾರಾಟವಾಗುವ ಹುಡುಗಿಯ ಪರ ನಿಂತು ನಕ್ಕಿದ್ದರು.

ಇಂಗ್ಲಿಷರ ಪರವಾಗಿ ಒಂದು ಮಾತು ಸೇರಿಸದಿದ್ದರೆ ಅನ್ಯಾಯ. 1892ರ ‘ಚಾರ್ಲೀಸ್ ಆಂಟ್’ ಪ್ರಹಸನದಲ್ಲಿ ಆಕ್ಸ್‌ಫರ್ಡಿನ ಇಬ್ಬರು ಹುಡುಗರಿಗೆ ಹುಡುಗಿಯರನ್ನು ಊಟಕ್ಕೆ ಕರೆಯಬೇಕು, ಜೊತೆಗೊಬ್ಬ ಹಿರಿಯ ಹೆಂಗಸು ಇರಲೇಬೇಕು. ಬರಬೇಕಾದ ಚಿಕ್ಕಮ್ಮ ಬಾರದೆ ಗೆಳೆಯನಿಗೆ ಹೆಣ್ಣುವೇಷ ಹಾಕಿಸುತ್ತಾರೆ. ಆಮೇಲೆ ಅಸಲಿ ಚಿಕ್ಕಮ್ಮನೇ ಬಂದುಬಿಡುತ್ತಾಳೆ! ಇಲ್ಲಿ ಪೇಚಿಗೆ ಸಿಕ್ಕುವವರು ಹುಡುಗರು, ಮುದುಕರು, ಮತ್ತು ಆ ಮಡಿವಂತ ನಿಯಮ. ಲಂಡನ್ನಿನಲ್ಲಿ ಅದು 1466 ಪ್ರಯೋಗ ಕಂಡಿತು. ‘ಪ್ರಿನ್ಸೆಸ್ ಐಡಾ’ಗೆ ದಕ್ಕಿದ್ದು 246. ‘ಚಾರ್ಲೀಸ್ ಆಂಟ್’ ಅನ್ನು ಮರಾಠಿಯಲ್ಲಿ ಆಚಾರ್ಯ ಅತ್ರೆ ‘ಮೋರೂಚಿ ಮಾವಶಿ’ ಮಾಡಿ ಇನ್ನಷ್ಟು ಆಯುಷ್ಯ ಕೊಟ್ಟರು. ಅಲ್ಲಿನ ತಮಾಷೆ ಕನ್ನಡಕ್ಕೂ ಬಂತು: ಮುಂದೆ ಲಂಡನ್ನಿಗೆ ಭೂಗರ್ಭಶಾಸ್ತ್ರ ಓದಲು ಹೋದ ನಮ್ಮ ಟಿ.ಪಿ. ಕೈಲಾಸಂ ಅಲ್ಲಿನ ಜನಪ್ರಿಯ ‘ಟಿಪ್ಪೆರರಿ’ ಹಾಡನ್ನು ತಿಪ್ಪಾರಹಳ್ಳಿಗೆ ತಂದು ಕೂರಿಸಿದರು. ಅದು ಕಾಲೇಜು ಹುಡುಗರ ಬಾಯಲ್ಲಿ ಇನ್ನೂ ಸತ್ತಿಲ್ಲ.

ವಾರ್ಷಿಕೋತ್ಸವಗಳ ಕಾಲ ಪ್ರತಿ ವರ್ಷ ಬರುತ್ತದೆ. ಪ್ರಾಂಶುಪಾಲರಲ್ಲಿ ನನ್ನ ವಿನಂತಿ: ಫಿಶ್‌ಪಾಂಡ್ ನಿಲ್ಲಿಸಬೇಡಿ, ಮಿಮಿಕ್ರಿ ಮಾಡಿದ ಹುಡುಗನಿಗೆ ಷೋಕಾಸ್ ನೋಟಿಸ್ ಕೊಡಬೇಡಿ. ಚೀಟಿಗಳನ್ನು ಮೈಕಿಗೆ ಕೊಡುವ ಮುಂಚೆ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಕೂತು ಓದಲಿ. ಮೈಬಣ್ಣ, ತೂಕ, ಜಾತಿ, ನಡೆಯ ಕುಂಟು, ಮಾತಿನ ತೊದಲು, ಬಡತನ ಇವುಗಳ ಮೇಲೆ ಬರೆದದ್ದನ್ನು ಅಲ್ಲಿಯೇ ಹರಿದುಹಾಕಲಿ. ನಮ್ಮಂಥ ಮೇಷ್ಟರುಗಳ ಮೇಲೆ, ನಿಮ್ಮ ಮೇಲೆ, ಆಡಳಿತ ಮಂಡಳಿಯ ಮೇಲೆ ಬಂದವನ್ನು ಒಂದೂ ಬಿಡದೆ ಇಟ್ಟುಕೊಳ್ಳಲಿ. ಮೊದಲನೆಯ ಚೀಟಿ ನಿಮ್ಮದೇ ಆಗಿರಲಿ, ಅದನ್ನು ಮೈಕ್ ಹಿಡಿದು ನೀವೇ ಓದಿ.